ಡ್ರಮ್ ಲೈಬ್ರರಿ ಕೊಳ್ಳುವ ಮುಂಚೆ ಮೆಲ್ಲಗೆ ಬಾರಿಸಿ ನೋಡಿ

ಮೈಸೂರಿನಲ್ಲಿ ಈಗ ಮನೆಯ ಒಂದು ಕೋಣೆಯಲ್ಲೇ ಪೂರ್ತಿ ಹಾಡು ಮಾಡಿ ಮುಗಿಸುವವರು ತುಂಬಾ ಇದ್ದಾರೆ. ಒಂದು ಲ್ಯಾಪ್‌ಟಾಪ್, ಮೈಕಿನ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಒಂದು ಆಡಿಯೋ ಇಂಟರ್‌ಫೇಸ್, ಒಂದು ಮೈಕು, ಒಂದು ಹೆಡ್‌ಫೋನು. ಇಷ್ಟಿದ್ದರೆ ದನಿ, ಗಿಟಾರು, ಕೀಬೋರ್ಡು ಎಲ್ಲ ಮನೆಯಲ್ಲೇ ಆಗಿಹೋಗುತ್ತದೆ. ಆಗದೇ ಉಳಿಯುವುದು ಡ್ರಮ್ಸ್ ಮಾತ್ರ. ನಮ್ಮ ಬಡಾವಣೆಗಳ ಮನೆಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತವೆ. ಅಲ್ಲಿ ಕಿಟ್ ಇಟ್ಟು ಬಾರಿಸಿದರೆ ಇಡೀ ಬೀದಿಗೆ ಕೇಳುತ್ತದೆ. ಇಟ್ಟೆವು ಅಂತಲೇ ಅಂದುಕೊಳ್ಳಿ, ಅದನ್ನು ಸರಿಯಾಗಿ ಹಿಡಿಯಲು ಏಳೆಂಟು ಮೈಕು ಬೇಕು. ಅಷ್ಟು ಇನ್‌ಪುಟ್ ಇರುವ ಇಂಟರ್‌ಫೇಸ್ ಬೇಕು, ಗೋಡೆಗೆ ಹೊಡೆದು ವಾಪಸ್ ಬರುವ ಸದ್ದನ್ನು ತಡೆಯುವ ಏರ್ಪಾಡು ಬೇಕು. ಅದಕ್ಕೇ ನಾವೆಲ್ಲ ಸ್ಯಾಂಪಲ್ ಲೈಬ್ರರಿಗಳ ಮೊರೆ ಹೋಗುವುದು.

ಹೊಸಬರಿಗಾಗಿ ಒಂದು ಮಾತು. ಒಳ್ಳೆಯ ಸ್ಟುಡಿಯೋದಲ್ಲಿ ಒಬ್ಬ ಡ್ರಮ್ಮರ್ ಕೈಯಲ್ಲಿ ಒಂದೊಂದೇ ಪೆಟ್ಟು ಹೊಡೆಸಿ, ಪ್ರತಿಯೊಂದನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ ಜೋಡಿಸಿಟ್ಟ ಸಂಗ್ರಹವೇ ಡ್ರಮ್ ಲೈಬ್ರರಿ. ಮಿಡಿ ಅಂದರೆ ಯಾವ ನೋಟ್, ಎಷ್ಟು ಜೋರು ಅಂತ ಕಂಪ್ಯೂಟರಿಗೆ ಹೇಳುವ ಭಾಷೆ. ಮಿಡಿ ಕೀಬೋರ್ಡಿನಲ್ಲಿ 36ನೇ ನೋಟ್ ಒತ್ತಿದರೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), 38 ಒತ್ತಿದರೆ ಸ್ನೇರ್ (ಕೆಳಗೆ ತಂತಿ ಇರುವ ಚಿಕ್ಕ ಡ್ರಮ್), 42ಕ್ಕೆ ಮುಚ್ಚಿದ ಹೈ ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್). 1991ರಲ್ಲಿ ಬಂದ ಜನರಲ್ ಮಿಡಿ ಪದ್ಧತಿಯ ಈ ನಂಬರುಗಳನ್ನೇ ಇವತ್ತಿಗೂ ಹೆಚ್ಚಿನ ಲೈಬ್ರರಿಗಳು ಪಾಲಿಸುತ್ತವೆ. ನಾವು ನೋಟ್ ಬರೆಯುತ್ತೇವೆ, ಲೈಬ್ರರಿ ಅದಕ್ಕೆ ತಕ್ಕ ಪೆಟ್ಟನ್ನು ಹುಡುಕಿ ನುಡಿಸುತ್ತದೆ. ಅಷ್ಟೇ.

ಆದರೆ ಯಾವುದನ್ನು ಕೊಳ್ಳುವುದು? ಇಂಟರ್‌ನೆಟ್ಟಿನಲ್ಲಿ ಕೂತರೆ ದಿನವೆಲ್ಲ ಡೆಮೋ ಕೇಳಬಹುದು. ಎಲ್ಲವೂ ಚೆನ್ನಾಗಿಯೇ ಕೇಳುತ್ತವೆ. ಇಷ್ಟು ಗಿಗಾಬೈಟ್, ಅಷ್ಟು ಸ್ನೇರ್, ಇಂಥ ದೊಡ್ಡ ಸ್ಟುಡಿಯೋ ಅಂತ ಪಟ್ಟಿ ಓದುತ್ತಾ ಹೋದರೆ ತಲೆ ಕೆಟ್ಟುಹೋಗುತ್ತದೆ. ನನಗೆ ದಾರಿ ತೋರಿಸಿದ್ದು ಮಂಡ್ಯದ ಆರ್ಕೆಸ್ಟ್ರಾ ಒಂದರಲ್ಲಿ ರಿದಮ್ ಪ್ಯಾಡ್ ನುಡಿಸುವ ಗೆಳೆಯ. ಗಣಪತಿ ಹಬ್ಬದ ಸೀಸನ್ನಿನಲ್ಲಿ ಅವನಿಗೆ ಒಂದು ರಾತ್ರಿಯೂ ಬಿಡುವಿರುವುದಿಲ್ಲ. ಪ್ಯಾಡಿಗೆ ಹೊಸ ಟೋನ್ ಹಾಕಿಕೊಂಡಾಗ ಅವನು ಮೊದಲು ಮಾಡುವ ಕೆಲಸ, ಕೋಲಿನ ತುದಿಯಿಂದ ಅದನ್ನು ಸುಮ್ನೆ ಸವರಿದಂತೆ ಮುಟ್ಟುವುದು. ಯಾಕೆ ಅಂತ ಕೇಳಿದೆ. "ಜೋರಾಗ್ ಬಡುದ್ರೆ ಎಲ್ಲಾ ಟೋನೂ ಚೆನ್ನಾಗೇ ಇರ್ತವೆ ಕಣಣ್ಣ. ಮೆಲ್ಲುಗ್ ಮುಟ್ದಾಗ್ಲೇ ಅದ್ರ ಬಂಡವಾಳ ಗೊತ್ತಾಗದು" ಅಂದ.

ಡ್ರಮ್ ಲೈಬ್ರರಿ ಆರಿಸುವ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಇದುವರೆಗೂ ಸಿಕ್ಕಿಲ್ಲ.

ಕಾರಣ ಹೇಳುತ್ತೇನೆ. ಮಿಡಿಯಲ್ಲಿ ಪ್ರತಿ ಪೆಟ್ಟಿಗೂ 1ರಿಂದ 127ರವರೆಗೆ ಒಂದು ವೆಲಾಸಿಟಿ ಇರುತ್ತದೆ. ಎಷ್ಟು ಜೋರಾಗಿ ಹೊಡೆದೆವು ಅನ್ನುವ ಲೆಕ್ಕ ಅದು. ನಿಜವಾದ ಸ್ನೇರ್ ಡ್ರಮ್ಮನ್ನು ಮೆಲ್ಲಗೆ ಹೊಡೆದಾಗ ಸದ್ದು ಬರೀ ಚಿಕ್ಕದಾಗುವುದಿಲ್ಲ, ಅದರ ಗುಣವೇ ಬೇರೆಯಾಗುತ್ತದೆ. ಜೋರು ಪೆಟ್ಟಿಗೆ ಚರ್ಮ ಪೂರ್ತಿ ಅದುರುತ್ತದೆ, ಮರದ ಸುತ್ತು ಕೂಡ ದನಿಗೂಡಿಸುತ್ತದೆ, ಚುರುಕಾದ ಮೇಲಿನ ಸ್ವರಗಳು ಚಿಮ್ಮುತ್ತವೆ. ಮೆಲ್ಲನೆಯ ಪೆಟ್ಟಿನಲ್ಲಿ ಅವು ಇರುವುದಿಲ್ಲ. ಕೆಳಗಿನ ತಂತಿಗಳ ಸಣ್ಣ ಸರಸರ ಜಾಸ್ತಿ ಕೇಳುತ್ತದೆ. ಒಳ್ಳೆಯ ಲೈಬ್ರರಿ ಮಾಡುವವರು ಮೆಲ್ಲಗೆ, ಸ್ವಲ್ಪ ಜೋರಾಗಿ, ಇನ್ನೂ ಜೋರಾಗಿ ಅಂತ ಹಂತ ಹಂತವಾಗಿ ಹೊಡೆಸಿ ಬೇರೆ ಬೇರೆ ರೆಕಾರ್ಡ್ ಮಾಡುತ್ತಾರೆ. ಇವಕ್ಕೆ ವೆಲಾಸಿಟಿ ಲೇಯರ್ ಅನ್ನುತ್ತಾರೆ. ಲೇಯರ್ ಕಡಿಮೆ ಇರುವ ಲೈಬ್ರರಿ ಜೋರು ಪೆಟ್ಟನ್ನೇ ವಾಲ್ಯೂಮ್ ತಗ್ಗಿಸಿ ಕೊಡುತ್ತದೆ. ಪಕ್ಕದ ಬೀದಿಯಲ್ಲಿ ಯಾರೋ ಜೋರಾಗಿ ಬಾರಿಸಿದಂತೆ ಕೇಳುತ್ತದೆ, ಎದುರಿಗೆ ಕೂತು ಮೆಲ್ಲಗೆ ಬಾರಿಸಿದಂತೆ ಕೇಳುವುದಿಲ್ಲ.

ಹೆವಿ ಮೆಟಲ್ ಮಾಡುವವರಿಗೆ ಇದು ಅಷ್ಟು ಮುಖ್ಯ ಆಗದೇ ಇರಬಹುದು. ಅಲ್ಲಿ ಹೆಚ್ಚಿನ ಪೆಟ್ಟುಗಳು 110ರ ಮೇಲೆಯೇ ಇರುತ್ತವೆ. ಆದರೆ ನಾವು ಮಾಡುವ ಹಾಡುಗಳನ್ನು ನೋಡಿ. ಭಾವಗೀತೆ, ಜನಪದದ ಹೊಸ ರೂಪ, ಗಿಟಾರ್ ಹಿಡಿದು ಹಾಡುವ ಸಣ್ಣ ಹಾಡು. ಮಾತು ಮುಂದೆ, ವಾದ್ಯ ಹಿಂದೆ. ಕನ್ನಡ ಹಾಡಿನಲ್ಲಿ ಸಾಲಿನ ಅರ್ಥ ಕೇಳುಗರಿಗೆ ತಲುಪದೇ ಹೋದರೆ ಹಾಡೇ ಇಲ್ಲ. ಹಾಗಾಗಿ ನಮ್ಮ ಡ್ರಮ್ ಟ್ರ್ಯಾಕ್‌ನ ಬಹುಪಾಲು 30ರಿಂದ 80ರ ನಡುವೆ ಓಡಾಡುತ್ತದೆ. ಡೆಮೋಗಳಲ್ಲಿ ನಾವು ಕೇಳುವುದು 100ರ ಮೇಲಿನ ಸದ್ದು. ಕೊಳ್ಳುವುದು ಅದನ್ನು ಕೇಳಿ, ಬಳಸುವುದು ಇದನ್ನು. ಈ ಅಂತರವೇ ಎಷ್ಟೋ ಜನರ ದುಡ್ಡು ನುಂಗಿದೆ.

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ಟ್ರಯಲ್ ಇದ್ದರೆ ಇಳಿಸಿಕೊಳ್ಳಿ. ಮೊದಲು ಲೈಬ್ರರಿಯ ಒಳಗೇ ಇರುವ ಕಂಪ್ರೆಸರ್ (ಜೋರು, ಮೆಲ್ಲನೆಯ ಸದ್ದಿನ ಅಂತರ ತಗ್ಗಿಸುವಂಥದ್ದು), ರಿವರ್ಬ್ (ಗುಂಗು ಸೇರಿಸುವಂಥದ್ದು) ಎಲ್ಲ ಆಫ್ ಮಾಡಿ. ಸಪ್ಪೆಯಾಗಿ ಕೇಳುತ್ತದೆ, ಪರವಾಗಿಲ್ಲ. ಸ್ನೇರ್ ಮೇಲೆ ಹತ್ತರಿಂದ ಶುರುಮಾಡಿ 127ರವರೆಗೆ ಏರುತ್ತಾ ಹೋಗುವ ಪೆಟ್ಟುಗಳ ಒಂದು ಸಾಲು ಬರೆಯಿರಿ. ಕಣ್ಣು ಮುಚ್ಚಿಕೊಂಡು ಕೇಳಿ. ಎಲ್ಲಾದರೂ ಮೆಟ್ಟಿಲು ಹತ್ತಿದಂತೆ ಸದ್ದು ಥಟ್ಟನೆ ಬದಲಾದರೆ ಅಲ್ಲಿ ಎರಡು ಲೇಯರ್‌ಗಳ ನಡುವೆ ಬಿರುಕಿದೆ ಅಂತ ಅರ್ಥ. ಆಮೇಲೆ 40ರ ವೆಲಾಸಿಟಿಯಲ್ಲಿ ಹದಿನಾರು ಪೆಟ್ಟು ಒಂದೇ ಸಮನೆ ಬರೆಯಿರಿ. ಟ ಟ ಟ ಟ ಅಂತ ಟೈಪ್‌ರೈಟರ್ ಥರ ಕೇಳಿದರೆ ಪ್ರತಿ ಸಲವೂ ಒಂದೇ ಫೈಲ್ ಬರುತ್ತಿದೆ. ಮನುಷ್ಯ ಹೊಡೆದರೆ ಎರಡು ಪೆಟ್ಟು ಯಾವತ್ತೂ ಒಂದೇ ಥರ ಇರುವುದಿಲ್ಲ. ಅದಕ್ಕಾಗಿ ಒಂದೇ ಜೋರಿನ ಪೆಟ್ಟನ್ನೂ ಹಲವು ಸಲ ರೆಕಾರ್ಡ್ ಮಾಡಿ, ಒಂದಾದ ಮೇಲೆ ಒಂದು ಬರುವಂತೆ ಮಾಡುತ್ತಾರೆ. ಇದು ರೌಂಡ್ ರಾಬಿನ್. ಕೆಲವು ಲೈಬ್ರರಿಗಳಲ್ಲಿ ಜೋರು ಪೆಟ್ಟಿಗೆ ಬೇಕಾದಷ್ಟು ರೌಂಡ್ ರಾಬಿನ್ ಇರುತ್ತದೆ, ಮೆಲ್ಲನೆಯ ಪೆಟ್ಟಿಗೆ ಒಂದೋ ಎರಡೋ. ಅಲ್ಲೇ ಗುಟ್ಟು ಬಯಲಾಗುತ್ತದೆ.

ಹೈ ಹ್ಯಾಟನ್ನೂ ಹೀಗೇ ನೋಡಬೇಕು. ಪೂರ್ತಿ ಮುಚ್ಚಿದ್ದು, ಪೂರ್ತಿ ತೆರೆದದ್ದು ಎಲ್ಲರೂ ಕೊಡುತ್ತಾರೆ. ಕಾಲನ್ನು ಸ್ವಲ್ಪ ಸಡಿಲ ಬಿಟ್ಟಾಗ ಬರುವ ಅರೆ ತೆರೆದ ಹಂತಗಳು ಎಷ್ಟಿವೆ? ಒಂದು ಚರಣದಿಂದ ಪಲ್ಲವಿಗೆ ವಾಪಸ್ ಬರುವಾಗ ಡ್ರಮ್ಮರ್ ಮಾಡುವುದು ಅದನ್ನೇ ಅಲ್ವಾ, ಹ್ಯಾಟನ್ನು ನಿಧಾನಕ್ಕೆ ತೆರೆಯುತ್ತಾ ಬರುವುದು. ಆ ಹಂತಗಳಿಲ್ಲದ ಲೈಬ್ರರಿಯಲ್ಲಿ ಹಾಡು ಮೇಲೇರುವುದೇ ಇಲ್ಲ.

ಗಾತ್ರದ ಬಗ್ಗೆ ಒಂದು ಲೆಕ್ಕ ಮಾಡೋಣ. ಒಂದು ಸ್ನೇರ್‌ಗೆ 8 ಲೇಯರ್, ಪ್ರತಿ ಲೇಯರ್‌ಗೆ 6 ರೌಂಡ್ ರಾಬಿನ್ ಅಂದರೆ 48 ಪೆಟ್ಟು. ಪ್ರತಿ ಪೆಟ್ಟನ್ನೂ 8 ಮೈಕುಗಳು ಹಿಡಿದರೆ 384 ಫೈಲು. ಒಂದೊಂದೂ ಎರಡು ಸೆಕೆಂಡ್, 24 ಬಿಟ್, 44.1 ಕಿಲೋಹರ್ಟ್ಸ್ ಅಂದುಕೊಂಡರೆ ಒಟ್ಟು ಸುಮಾರು 100 ಎಂಬಿ. ಇದು ಸ್ನೇರ್‌ನ ನಡುವಿಗೆ ಹೊಡೆದ ಪೆಟ್ಟು ಮಾತ್ರ. ರಿಮ್ ಶಾಟ್, ಸೈಡ್ ಸ್ಟಿಕ್, ಅಂಚಿನ ಪೆಟ್ಟು ಎಲ್ಲ ಬೇರೆ. ಸಿಂಬಲ್‌ಗಳ ಸದ್ದು ಇನ್ನೂ ಉದ್ದ. ಟೂನ್‌ಟ್ರ್ಯಾಕ್ ಕಂಪನಿಯ ಸುಪೀರಿಯರ್ ಡ್ರಮ್ಮರ್ 3 ಲೈಬ್ರರಿ 230 ಜಿಬಿ ದಾಟುವುದು ಹೀಗೆ. 2017ರಲ್ಲಿ ಬಂದ ಅದನ್ನು ಬೆಲ್ಜಿಯಂನ ಗ್ಯಾಲಕ್ಸಿ ಸ್ಟುಡಿಯೋಸ್‌ನಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ಜಾರ್ಜ್ ಮ್ಯಾಸೆನ್‌ಬರ್ಗ್ ರೆಕಾರ್ಡ್ ಮಾಡಿದರು. ಅದ್ಭುತ ಕೆಲಸ. ಅದರಲ್ಲಿ ಬಹಳಷ್ಟು ಜಾಗ ಹಿಡಿದಿರುವುದು ಸುತ್ತಲ ಸ್ಪೀಕರ್‌ಗಳಿಗಾಗಿ ಇಟ್ಟ ಹೆಚ್ಚುವರಿ ರೂಮ್ ಮೈಕುಗಳು, ಅಂದರೆ ಕೋಣೆಯ ಗುಂಗು ಹಿಡಿಯುವ ದೂರದ ಮೈಕುಗಳು. ಎರಡು ಸ್ಪೀಕರ್ ಇಟ್ಟುಕೊಂಡು ಮಿಕ್ಸ್ ಮಾಡುವ ನಮಗೆ ಅವು ಬೇಕಿಲ್ಲ, ಇನ್‌ಸ್ಟಾಲ್ ಮಾಡುವಾಗ ಬಿಟ್ಟುಬಿಡಬಹುದು.

ಈ ಲೆಕ್ಕ ಶುರುವಾದ ಕಾಲದಲ್ಲಿ ಕಥೆ ತಿರುವುಮುರುವಾಗಿತ್ತು. 1980ರಲ್ಲಿ ರೋಜರ್ ಲಿನ್ ತಂದ ಎಲ್‌ಎಂ-1, ನಿಜವಾದ ಡ್ರಮ್ಮಿನ ಸ್ಯಾಂಪಲ್ ಬಳಸಿದ ಮೊದಲ ಡ್ರಮ್ ಮಷಿನ್. ಆಗ ಮೆಮೊರಿ ಎಷ್ಟು ದುಬಾರಿ ಅಂದರೆ ಉದ್ದ ಸದ್ದಿನ ಕ್ರ್ಯಾಶ್, ರೈಡ್ ಸಿಂಬಲ್‌ಗಳನ್ನು ಅದರಲ್ಲಿ ಹಾಕಲೇ ಇಲ್ಲ. ಅದೇ ವರ್ಷ ಬಂದ ರೋಲಂಡ್‌ನ ಟಿಆರ್-808ರಲ್ಲಂತೂ ಸ್ಯಾಂಪಲ್ಲೇ ಇಲ್ಲ, ಸದ್ದೆಲ್ಲ ಸರ್ಕ್ಯೂಟಿನಿಂದ ಹುಟ್ಟುತ್ತದೆ. ಆದರೂ ಆ ಎರಡರ ಮೇಲೆ ಒಂದು ಯುಗದ ಸಂಗೀತವೇ ನಿಂತಿತು. ಜಾಗ ಕಡಿಮೆ ಇದ್ದಾಗ ಯಾವುದನ್ನು ಉಳಿಸಬೇಕು ಅಂತ ಅವರು ಕೂತು ಯೋಚಿಸಿದರು. ಈಗ ಆ ಯೋಚನೆಯನ್ನು ಕೊಳ್ಳುವವರು ಮಾಡಬೇಕಾಗಿದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೊದಲ ವರ್ಷ ದುಡ್ಡು ಕೊಡಬೇಡಿ. ಮ್ಯಾಕ್ ಇದ್ದರೆ ಆಪಲ್‌ನ ಸಂಗೀತ ಸಾಫ್ಟ್‌ವೇರ್ ಗ್ಯಾರೇಜ್‌ಬ್ಯಾಂಡ್‌ನಲ್ಲೇ ಡ್ರಮ್ಮರ್ ಎಂಬ ಡ್ರಮ್ ಸೌಲಭ್ಯ ಇದೆ, ಲಾಜಿಕ್‌ನಲ್ಲಿ ಇನ್ನೂ ವಿವರವಾಗಿದೆ. ವಿಂಡೋಸ್ ಇದ್ದರೆ ಎಂಟಿ ಪವರ್ ಡ್ರಮ್ ಕಿಟ್ ಪುಕ್ಕಟೆ ಸಿಗುತ್ತದೆ. ಸ್ಟೀವನ್ ಸ್ಲೇಟ್ ಡ್ರಮ್ಸ್‌ನ ಪುಕ್ಕಟೆ ಆವೃತ್ತಿಯೂ ಇದೆ. ಇವೆರಡೂ ರಾಕ್ ಕಡೆಗೆ ವಾಲಿದ ಸದ್ದುಗಳು, ಮೊದಲೇ ಮಿಕ್ಸ್ ಮಾಡಿದಂತೆ ಬರುತ್ತವೆ. ಮೆಲ್ಲನೆಯ ಹಾಡಿಗೆ ಸ್ವಲ್ಪ ಒರಟು. ಆದರೆ ವೆಲಾಸಿಟಿ ಬರೆಯುವುದನ್ನು ಕಲಿಯಲು ಅಷ್ಟು ಸಾಕು. ಆ ಕೈ ಪಳಗಿದ ಮೇಲೆ, ದುಡ್ಡು ಕೊಡಬೇಕು ಅನಿಸಿದರೆ ಈಝಿಡ್ರಮ್ಮರ್ 3 ಅಥವಾ ಅಡಿಕ್ಟಿವ್ ಡ್ರಮ್ಸ್ 2, ಇವೆರಡರಲ್ಲಿ ಒಂದನ್ನು ಕೇಳಿ ನೋಡಿ. ಎರಡರಲ್ಲೂ ಕೋಲಿನ ಬದಲು ತಂತಿಯ ಕುಂಚದಿಂದ ನುಡಿಸಿದ ಬ್ರಶ್ ಕಿಟ್‌ಗಳನ್ನು ಬೇರೆಯಾಗಿ ಕೊಂಡು ಸೇರಿಸಿಕೊಳ್ಳಬಹುದು. ಭಾವಗೀತೆಗೆ ಬ್ರಶ್‌ನಷ್ಟು ಹೊಂದುವುದು ಇನ್ನೊಂದಿಲ್ಲ. ಕೋಲಿನ ಪೆಟ್ಟು ಅಕ್ಷರದ ಮೇಲೆ ಬೀಳುತ್ತದೆ, ಬ್ರಶ್ ಅಕ್ಷರಗಳ ನಡುವೆ ಹರಿಯುತ್ತದೆ. ನವೆಂಬರ್ ಕೊನೆಯಲ್ಲಿ ಈ ಕಂಪನಿಗಳೆಲ್ಲ ರಿಯಾಯಿತಿ ಕೊಡುತ್ತವೆ, ಅಲ್ಲಿಯವರೆಗೆ ಕಾಯಬಹುದು. ಕದ್ದ ಕಾಪಿ ಮಾತ್ರ ಬೇಡ. ನಮ್ಮ ಹಾಡನ್ನು ಯಾರಾದರೂ ಎತ್ತಿಕೊಂಡು ಹೋದರೆ ನಮಗೆ ಎಷ್ಟು ಉರಿಯುತ್ತದೆ? ಆ ಡ್ರಮ್ಮರ್‌ಗೂ ಅಷ್ಟೇ.

ಲೈಸೆನ್ಸ್ ಅನ್ನು ಓದಿ. ಸಾಮಾನ್ಯವಾಗಿ ನಾವು ಕೊಂಡ ಸದ್ದನ್ನು ನಮ್ಮ ಹಾಡಿನಲ್ಲಿ ಬಳಸಿ ಮಾರಬಹುದು. ಆದರೆ ಆ ಸದ್ದುಗಳನ್ನೇ ಬಿಡಿಬಿಡಿಯಾಗಿ ಹಂಚುವಂತಿಲ್ಲ. ಮೊದಲೇ ನುಡಿಸಿಟ್ಟ, ಮತ್ತೆ ಮತ್ತೆ ತಿರುಗಿಸಿ ಹಾಕುವ ತುಣುಕುಗಳಾದ ಸಿದ್ಧ ಲೂಪ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಅದೇ ಲೂಪನ್ನು ಬೇರೆಯವರೂ ಬಳಸಿ ಹಾಡು ಹಾಕಿರುತ್ತಾರೆ, ಯೂಟ್ಯೂಬ್‌ನ ಯಂತ್ರ ನಿಮ್ಮ ಹಾಡನ್ನು ಅವರದು ಅಂತ ಗುರುತಿಸಿಬಿಡಬಹುದು.

ಲೂಪ್‌ಗಳ ಬಗ್ಗೆ ನನಗೆ ಇನ್ನೂ ದೊಡ್ಡ ತಕರಾರಿದೆ. ಅವು ಬಹುಪಾಲು ನಾಲ್ಕರ ಎಣಿಕೆಯಲ್ಲಿ ಬರುತ್ತವೆ. ಆದಿ ತಾಳದ ಎಂಟಕ್ಷರಕ್ಕೆ ಹೇಗೋ ಕೂರಿಸಬಹುದು. ಮಿಶ್ರ ಛಾಪು ಬಂದರೆ? ಮೂರು ಮತ್ತು ನಾಲ್ಕು ಸೇರಿ ಏಳು. ಖಂಡ ಛಾಪು ಎರಡು ಮತ್ತು ಮೂರು ಸೇರಿ ಐದು. ಹೊರಗಿನ ಏಳರ ಲೂಪ್ ಸಿಕ್ಕಿದರೂ ಅದು ನಾಲ್ಕು ಮೂರು ಅಂತ ಒಡೆದಿದ್ದರೆ ನಮ್ಮ ಸಾಲಿನ ಮಾತಿಗೆ ಎದುರಾಗಿ ನಿಲ್ಲುತ್ತದೆ. ಇಲ್ಲಿ ಒಂದೊಂದೇ ಪೆಟ್ಟಿನ ಲೈಬ್ರರಿ ಬೇಕು, ಕೈಯಾರೆ ಬರೆಯಬೇಕು. ಮೈಸೂರಿನ ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣಪತಿ ಹಬ್ಬದ ಸಂಗೀತ ಕಚೇರಿಗಳಲ್ಲಿ ಕೂತವರಿಗೆ ತಾಳ ಕೈಯಲ್ಲೇ ಇರುತ್ತದೆ. ಆ ಕೈಯನ್ನೇ ಮಿಡಿ ಕೀಬೋರ್ಡ್ ಮೇಲೆ ಇಟ್ಟರೆ ಆಯಿತು. ಬೆರಳಲ್ಲಿ ನುಡಿಸುವಾಗ ಬಫರ್ ಅನ್ನು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಂಡು ನುಡಿಸುವ ಸದ್ದಿನ ಪ್ರಮಾಣವನ್ನು, 128ಕ್ಕೆ ಇಳಿಸಿಕೊಳ್ಳಿ. 44.1 ಕಿಲೋಹರ್ಟ್ಸ್‌ನಲ್ಲಿ ಅದು 3 ಮಿಲಿಸೆಕೆಂಡಿನಷ್ಟು ತಡ. 512ರಲ್ಲಿ ಸುಮಾರು 12 ಆಗುತ್ತದೆ. ಇಂಟರ್‌ಫೇಸಿನ ತಡವೂ ಅದರ ಮೇಲೆ ಸೇರಿ, ಮೆಲ್ಲನೆಯ ಪೆಟ್ಟುಗಳು ಕೈಗೆ ಸಿಗುವುದೇ ಇಲ್ಲ.

ತಬಲಾ, ಮೃದಂಗದ ಸ್ಯಾಂಪಲ್‌ಗಳೂ ಬೇಕಾದಷ್ಟು ಸಿಗುತ್ತವೆ. ಇವು ಶ್ರುತಿ ಇರುವ ವಾದ್ಯಗಳು. ಹಾಡುವವರ ಶ್ರುತಿಗೆ ಸೇರಿಸಿ ನುಡಿಸುವಂಥವು. ಸ್ಯಾಂಪಲ್ ಯಾವ ಶ್ರುತಿಯಲ್ಲಿದೆ ಅಂತ ನೋಡದೆ ಕೊಂಡರೆ ಆಮೇಲೆ ಏರಿಸಿ ಇಳಿಸಿ ಒದ್ದಾಡಬೇಕು. ಒಂದು ಸ್ವರ ಅತ್ತಿತ್ತ ಸರಿಸಿದರೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ವಾದ್ಯದ ಮೈಯೇ ಹಿಗ್ಗಿದ ಹಾಗೆ, ಕುಗ್ಗಿದ ಹಾಗೆ ಕೇಳುತ್ತದೆ. ತಬಲಾ ಜೋಡಿಯ ಎಡಗಡೆಯ ಡಗ್ಗದ ಮೇಲೆ ಅಂಗೈ ಒತ್ತಿ ಜಾರಿಸುವ ಗುಮಕಿಯಂತೂ ಬಿಡಿ ಸ್ಯಾಂಪಲ್‌ಗಳಿಂದ ಸಲೀಸಾಗಿ ಬರುವುದಿಲ್ಲ. ಮೈಸೂರಿನಲ್ಲಿ ತಬಲಾ, ಮೃದಂಗ ಕಲಿತವರಿಗೆ ಬರವಿಲ್ಲ. ಇಲ್ಲಿ ಸಂಗೀತಕ್ಕೇ ಒಂದು ವಿಶ್ವವಿದ್ಯಾಲಯ ಇದೆ. ಒಂದು ಮೈಕು ಸಾಕಾಗುವ ವಾದ್ಯಕ್ಕೆ ಮನುಷ್ಯರನ್ನೇ ಕರೆಯಿರಿ, ಸಂಭಾವನೆ ಕೊಡಿ. ಹಾಡಿಗೂ ಒಳ್ಳೆಯದು, ಅವರಿಗೂ ಒಳ್ಳೆಯದು.

ಕೋಣೆಯ ಸದ್ದಿನ ವಿಷಯ ಯಾರೂ ಹೆಚ್ಚು ಹೇಳುವುದಿಲ್ಲ. ನಾವು ದನಿ ರೆಕಾರ್ಡ್ ಮಾಡುವುದು ಹತ್ತು ಅಡಿ ಕೋಣೆಯಲ್ಲಿ, ಬೀರುವಿನ ಬಟ್ಟೆಗಳ ಮುಂದೆ, ಫ್ಯಾನ್ ಆಫ್ ಮಾಡಿ. ಲೈಬ್ರರಿಯ ಕಿಟ್ ದೊಡ್ಡ ಹಾಲ್‌ನಲ್ಲಿ ಕೂತಿರುತ್ತದೆ. ಎರಡನ್ನೂ ಸೇರಿಸಿದರೆ ಹಾಡುವವರು ಕಿವಿಯಲ್ಲಿ, ಡ್ರಮ್ಮರ್ ಊರಾಚೆ. ಹಾಗಾಗಿ ರೂಮ್ ಮೈಕನ್ನು ಬೇರೆಯಾಗಿ ತಗ್ಗಿಸಲು ಬರುವ ಲೈಬ್ರರಿಯನ್ನೇ ಆರಿಸಿ. ನಾನು ರೂಮ್ ಪೂರ್ತಿ ಇಳಿಸಿ, ಕಿಟ್‌ನ ಮೇಲೆ ತೂಗುಹಾಕಿದ ಓವರ್‌ಹೆಡ್ ಮೈಕಿನಿಂದ ಶುರು ಮಾಡುತ್ತೇನೆ. ಇಡೀ ಕಿಟ್ ಅದರಲ್ಲೇ ಕೇಳುತ್ತದೆ. ಕಿಕ್ ಮತ್ತು ಸ್ನೇರ್‌ನ ಹತ್ತಿರದ ಮೈಕುಗಳನ್ನು ಬೇಕಾದಷ್ಟೇ ಬೆರೆಸುತ್ತೇನೆ. ಆಮೇಲೆ ದನಿಗೂ ಡ್ರಮ್ಸ್‌ಗೂ ಒಂದೇ ಚಿಕ್ಕ ರಿವರ್ಬ್ ಕೊಡುತ್ತೇನೆ. ಇಬ್ಬರೂ ಒಂದೇ ಕೋಣೆಗೆ ಬರುತ್ತಾರೆ.

ಇಷ್ಟೆಲ್ಲ ಆದರೂ ನಮ್ಮ ಕಡೆಯ ಹಾಡಿಗೆ ಬೇಕಾದ ಒಂದು ಸದ್ದು ಹೊರಗಿನ ಲೈಬ್ರರಿಗಳಲ್ಲಿ ನನಗೆ ತೃಪ್ತಿ ಆಗುವಂತೆ ಸಿಕ್ಕಿಲ್ಲ. ತಮಟೆ. ಮಂಡ್ಯದ ಹಳ್ಳಿಗಳಲ್ಲಿ ಪೂಜಾ ಕುಣಿತ ಶುರುವಾಗುವುದೇ ತಮಟೆಯಿಂದ. ಅದನ್ನು ಕೇಳಿ ಬೆಳೆದವರಿಗೆ ಬೇರೆ ಯಾವ ಡ್ರಮ್ಮಿನಿಂದಲೂ ಆ ಜಾಗ ತುಂಬುವುದಿಲ್ಲ. ಅದಕ್ಕೇ ತಮಟೆಯ ಸ್ಯಾಂಪಲ್‌ಗಳನ್ನು ನಾವೇ ಮಾಡಿಕೊಳ್ಳಬೇಕು. ಇದೇನೂ ಕಷ್ಟವಲ್ಲ, ಆದರೆ ಒಂದೆರಡು ವಿಷಯ ಗೊತ್ತಿರಬೇಕು.

ಕೋಣೆಯೊಳಗೆ ಬೇಡ. ತಮಟೆ ಬಯಲಿನ ವಾದ್ಯ. ಚಿಕ್ಕ ಕೋಣೆಯಲ್ಲಿ ಗೋಡೆಗಳೇ ಜಾಸ್ತಿ ಕೇಳುತ್ತವೆ. ರಸ್ತೆಯಿಂದ ದೂರದ ಒಂದು ತೆಂಗಿನ ತೋಟ, ಪಂಪ್‌ಸೆಟ್ ಶುರುವಾಗುವ ಮುಂಚಿನ ಬೆಳಗಿನ ಹೊತ್ತು, ಇಷ್ಟು ಸಾಕು. ಮೈಕನ್ನು ನಾಲ್ಕೈದು ಅಡಿ ದೂರ ಇಡಿ. ಅತಿ ಜೋರು ಪೆಟ್ಟಿಗೂ ಮೀಟರ್ ಮೈನಸ್ 10 ಡೆಸಿಬಲ್ ದಾಟದಂತೆ ಗೇನ್, ಅಂದರೆ ಮೈಕಿನ ಸದ್ದನ್ನು ಹೆಚ್ಚಿಸುವ ಮಟ್ಟ, ಇಡಿ. 24 ಬಿಟ್‌ನಲ್ಲಿ ಅಷ್ಟು ಕೆಳಗಿದ್ದರೂ ಏನೂ ನಷ್ಟವಿಲ್ಲ.

ಇನ್ನೊಂದು ವಿಷಯ ಚರ್ಮದ್ದು. ಚರ್ಮದ ತಮಟೆಯನ್ನು ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ತೇವ ಆರಿ ಚರ್ಮ ಬಿಗಿಯುತ್ತದೆ, ಸದ್ದು ಮೇಲೇರುತ್ತದೆ. ಬಾರಿಸುತ್ತಾ ಹೋದಂತೆ ಗಾಳಿಯ ತಂಪಿಗೆ ಮತ್ತೆ ಸಡಿಲವಾಗಿ ಸದ್ದು ಇಳಿಯುತ್ತದೆ. ಈಗ ಫೈಬರ್ ಹೊದಿಸಿದ ತಮಟೆಗಳೂ ಬಂದಿವೆ, ಅವಕ್ಕೆ ಈ ಗೊಡವೆ ಇಲ್ಲ, ಆದರೆ ಆ ಸದ್ದೂ ಇಲ್ಲ. ಸ್ಯಾಂಪಲ್ ಮಾಡುವವರಿಗೆ ಇದರಿಂದ ಆಗುವುದು ಏನು ಅಂದರೆ, ಮೊದಲು ಜೋರು ಪೆಟ್ಟುಗಳನ್ನೆಲ್ಲ ಮುಗಿಸಿ ಆಮೇಲೆ ಮೆಲ್ಲನೆಯವಕ್ಕೆ ಬಂದರೆ, ಅಷ್ಟರಲ್ಲಿ ಚರ್ಮ ಇಳಿದಿರುತ್ತದೆ. ಜೋರು ಪೆಟ್ಟು ಒಂದು ಸ್ವರದಲ್ಲಿ, ಮೆಲ್ಲನೆಯದು ಇನ್ನೊಂದು ಸ್ವರದಲ್ಲಿ. ಕಂಪ್ಯೂಟರಿಗೆ ಹಾಕಿ ನುಡಿಸಿದಾಗ ಎರಡು ಬೇರೆ ತಮಟೆ ಬಾರಿಸಿದ ಹಾಗೆ ಕೇಳುತ್ತದೆ. ಅದಕ್ಕೇ ಸುತ್ತು ಹಾಕಿ ಮಾಡಬೇಕು. ಕಾಯಿಸಿ, ಮೆಲ್ಲಗೆ ಒಂದು, ನಡುವೆ ಒಂದು, ಜೋರಾಗಿ ಒಂದು. ಮತ್ತೆ ಅದೇ ಕ್ರಮ. ಸದ್ದು ಇಳಿಯಿತು ಅನಿಸಿದ ತಕ್ಷಣ ನಿಲ್ಲಿಸಿ ಮತ್ತೆ ಕಾಯಿಸಿ. ದಪ್ಪ ಕೋಲು, ಸಣ್ಣ ಕಡ್ಡಿ, ಎರಡರ ಪೆಟ್ಟನ್ನೂ ಬೇರೆ ಬೇರೆ ಹಿಡಿಯಿರಿ. ಕೊನೆಗೆ ಅವರಿಗಿಷ್ಟ ಬಂದಂತೆ ಒಂದಷ್ಟು ಹೊತ್ತು ಬಾರಿಸಲು ಹೇಳಿ ಅದನ್ನೂ ಇಟ್ಟುಕೊಳ್ಳಿ. ಯಾವ ಪೆಟ್ಟು ಎಷ್ಟು ಹಿಂದೆ ಬೀಳುತ್ತದೆ, ಎಷ್ಟು ಮುಂದೆ ಬೀಳುತ್ತದೆ ಅನ್ನುವುದು ಆ ಟ್ರ್ಯಾಕಿನಲ್ಲಿ ಮಾತ್ರ ಸಿಗುತ್ತದೆ. ಅದನ್ನು ತೆರೆಯ ಮೇಲಿನ ಎಣಿಕೆಯ ಗೆರೆಗಳಿಗೆ, ಅಂದರೆ ಗ್ರಿಡ್‌ಗೆ ಎಳೆದು ಕೂರಿಸಬೇಡಿ.

ಬಾರಿಸಿದವರಿಗೆ ಒಂದು ಮದುವೆಗೋ ಜಾತ್ರೆಗೋ ಹೋದರೆ ಸಿಗುವಷ್ಟು ಸಂಭಾವನೆ ಕೊಡಿ. ಈ ಸದ್ದನ್ನು ಮತ್ತೆ ಮತ್ತೆ ಬಳಸುತ್ತೇವೆ ಅಂತ ಮೊದಲೇ ಬಿಡಿಸಿ ಹೇಳಿ ಒಪ್ಪಿಗೆ ಪಡೆಯಿರಿ. ಹಾಡು ಬಂದಾಗ ಗಾಯಕರ ಹೆಸರಿನ ಜೊತೆ ಅವರ ಹೆಸರೂ ಇರಲಿ. ತಲೆಮಾರುಗಳಿಂದ ಈ ವಾದ್ಯವನ್ನು ಉಳಿಸಿಕೊಂಡು ಬಂದವರ ಹೆಸರು ಯಾವ ಕ್ಯಾಸೆಟ್ಟಿನ ಮೇಲೂ ಸರಿಯಾಗಿ ಅಚ್ಚಾಗಲಿಲ್ಲ. ಬೆಲ್ಜಿಯಂನಲ್ಲಿ ರೆಕಾರ್ಡ್ ಮಾಡಿದವರ ಹೆಸರು ನಮಗೆ ಗೊತ್ತು. ನಮ್ಮ ಪಕ್ಕದ ಹಳ್ಳಿಯವರದು ಗೊತ್ತಿಲ್ಲದಿದ್ದರೆ ಹೇಗೆ?

ತಮಟೆ ಬಂದ ಮೇಲೆ ಕಿಟ್‌ನಲ್ಲಿ ಜಾಗ ಖಾಲಿ ಮಾಡಬೇಕು. ತಮಟೆಯ ಚುರುಕು ಇರುವುದು ಸ್ನೇರ್ ಇರುವ ಎತ್ತರದಲ್ಲೇ, ಹಾಗಾಗಿ ಕೋಲಿನ ಸ್ನೇರ್ ತೆಗೆದುಬಿಡುವುದು ಒಳ್ಳೆಯದು. ಕಂಸಾಳೆ ಸೇರಿಸಿದರೆ ಹೈ ಹ್ಯಾಟ್ ಬೇಡ. ಕಂಚಿನ ಆ ಸದ್ದು ಎರಡನ್ನೂ ಒಟ್ಟಿಗೆ ಇರಲು ಬಿಡುವುದಿಲ್ಲ. ನಾನು ಈಗ ಮಾಡುತ್ತಿರುವ ಹಾಡಿನಲ್ಲಿ ಲೈಬ್ರರಿಯಿಂದ ಉಳಿದಿರುವುದು ಒಂದು ಕಿಕ್ ಮತ್ತು ಚರಣದ ಹಿಂದೆ ಓಡುವ ಬ್ರಶ್ ಮಾತ್ರ. ಕಿಕ್ 50ರ ಆಸುಪಾಸಿನಲ್ಲಿದೆ, ಬ್ರಶ್ 35ರಲ್ಲಿ. ಮಂಡ್ಯದ ಗೆಳೆಯ ಮೊನ್ನೆ ಕೇಳಿ, ಕಿಕ್ಕನ್ನು ಇನ್ನೂ ಸ್ವಲ್ಪ ಇಳಿಸು ಅಂದಿದ್ದಾನೆ.